ಸಾರಿನ ಮೀನು

ಗಂಜಿ ಆಗಷ್ಟೇ ಕುದಿ ಹಿಡಿದಿತ್ತು. ಕುಸುಮಕ್ಕ ಎಲ್ಲಿಂದಲೋ ಬಂದವಳು ಗ್ಯಾಸ್ ಆರಿಸಿಯೇ ಬಿಟ್ಟಳು. ಸೌಟು ಹಿಡಿದು ನಿಂತಿದ್ದ ಸೊಸೆ ಧನ್ಯಶ್ರೀಯ ಮುಖವನ್ನೂ ನೋಡದೆ ಪಾತ್ರೆಗೆ ತಟ್ಟೆ ಮುಚ್ಚಿ, ಹಳೇ ಕಂಬಳಿ ಸುತ್ತಿ, ಹೆತ್ತ ಮಗುವನ್ನು ಮಲಗಿಸಿದ ಹಾಗೆ ಮೂಲೆಯಲ್ಲಿ ಇಟ್ಟಳು.

"ಇನ್ನ್ ಆ ಬಿಸಿಗೇ ಬೇಯತ್ತ್. ಬೆಂಕಿ ಎಂತಕ್ಕೆ? ಸಿಲಿಂಡರ್ ನಿನ್ನ ಅಪ್ಪ ತಂದ್ ಕೊಡ್ತ್ರಾ?"

ಅಷ್ಟು ಹೇಳಿ ಅಲ್ಲಿಂದ ಹೊರಟವಳು ಸೀದಾ ಚಾವಡಿಗೆ ಹೋದಳು. ಅಲ್ಲಿ ಮಗ ರತನ್ ಮಂಚದ ಮೇಲೆ ಕಾಲು ಚಾಚಿಕೊಂಡು ಮಲಗಿದ್ದ. ಮರವಂತೆಯ ಹೆದ್ದಾರಿಯ ಮೇಲೆ ಅಲೆ ತಂದು ಹಾಕಿದ ಮರಳಿಗೆ ಬೈಕು ಜಾರಿ, ಮೊಣಕಾಲ ಕೆಳಗೆ ಎಲುಬು ಮುರಿದು, ಒಳಗೆ ರಾಡು ಹಾಕಿಸಿಕೊಂಡು ಬಂದವನು. ಕುಸುಮಕ್ಕ ಅವನ ತಲೆಯ ಮೇಲೆ ತಿರುಗುತ್ತಿದ್ದ ಫ್ಯಾನನ್ನೂ ಆರಿಸಿದಳು. ಕಡಲ ಗಾಳಿ ಇರುವಾಗ ಕರೆಂಟಿನ ಗಾಳಿ ಯಾಕೆ ಎಂಬುದು ಅವಳ ವಾದ. ಆ ಹೊತ್ತಿಗೆ ಕಡಲಿಂದ ಎಲೆ ಅಲುಗುವಷ್ಟು ಗಾಳಿಯೂ ಬರುತ್ತಿರಲಿಲ್ಲ. ರತನ್ ಬೆವರು ಒರೆಸಿಕೊಂಡು ಗೋಡೆಗೆ ಮುಖ ಮಾಡಿದ. ಒಳಗೆ ಧನ್ಯಶ್ರೀ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು... ಅವಳು ಅತ್ತದ್ದು ತನ್ನ ಸೆಕೆಗಲ್ಲ, ಗಂಡನ ಸೆಕೆಗೆ.

ಧನ್ಯಶ್ರೀ ಬ್ರಹ್ಮಾವರದವಳು. ಅಪ್ಪನದು ಬಸ್ ಸ್ಟ್ಯಾಂಡಿನ ಹತ್ತಿರ ಸಣ್ಣದೊಂದು ಟೈಲರ್ ಅಂಗಡಿ. ಆ ಮನೆಯಲ್ಲಿ ಮೀನು ಅಂದರೆ ದುಡ್ಡು ಕೊಟ್ಟು ತರುವ ವಸ್ತು, ಅದಕ್ಕೆ ಇನ್ನೊಂದು ಅರ್ಥ ಇರಬಹುದೆಂದು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಹಾಗಂತ ಕಷ್ಟಕ್ಕೆ ಹೆದರುವ ಜೀವವೂ ಅಲ್ಲ. ಗಂಡ ಮಂಚ ಹಿಡಿದ ಮೇಲೆ ಅವಳೇ ಹಾಲಿನ ಪ್ಯಾಕೆಟ್ ನಿಲ್ಲಿಸಿ ಕಪ್ಪು ಚಹಾ ಅಭ್ಯಾಸ ಮಾಡಿಸಿದಳು, ಟೀವಿಯ ರೀಚಾರ್ಜ್ ಬಿಟ್ಟಳು, ತನ್ನ ಮೊಬೈಲನ್ನು ಬರೇ ಕರೆ ಬರುವುದಕ್ಕೆ ಇಟ್ಟುಕೊಂಡಳು, ಬಿದ್ದ ತೆಂಗಿನ ಮಡಲು ಒಂದನ್ನೂ ಬಿಡದೆ ಎಳೆದು ತಂದು ಬಚ್ಚಲೊಲೆಗೆ ಒಟ್ಟಿದಳು. ಅತ್ತೆ ಇದಕ್ಕೆಲ್ಲ ಒಂದು ಒಳ್ಳೆಯ ಮಾತು ಆಡಿದವಳಲ್ಲ. ಸೊಸೆ ಒಗ್ಗರಣೆಗೆ ಎಣ್ಣೆ ಬಿಡುವಾಗ ಪಕ್ಕದಲ್ಲೇ ನಿಂತು ಅವಳ ಕೈಯನ್ನೇ ನೋಡುತ್ತಿದ್ದಳು. ಬೆಂಕಿಕಡ್ಡಿಯನ್ನು ಸೀಳಿ ಎರಡು ಮಾಡುವುದಕ್ಕೆ ಬಂದಿದ್ದರೆ ಅದನ್ನೂ ಮಾಡುತ್ತಿದ್ದಳೋ ಏನೋ. ಕುಸುಮಕ್ಕ ಬಿಗಿ ಎಂಬುದು ಕೇರಿಗೆಲ್ಲ ಗೊತ್ತಿದ್ದ ಸಂಗತಿ, ಸೊಸೆಯನ್ನು ಹಿಂಡುತ್ತಾಳೆ ಎಂಬುದೂ ಗೊತ್ತಿತ್ತು.

ಇಂಥ ಕುಸುಮಕ್ಕನ ಒಂದು ನಡತೆ ಮಾತ್ರ ಧನ್ಯಶ್ರೀಗೆ ತಲೆಬುಡ ತಿಳಿಯುತ್ತಿರಲಿಲ್ಲ.

ರತನ್ ಹೋಗುತ್ತಿದ್ದುದು ಚಂದಯ್ಯ ತಾಂಡೇಲನ ನಾಡದೋಣಿಗೆ. ತಾಂಡೇಲ ಅಂದರೆ ದೋಣಿ ನಡೆಸುವ ಹಿರಿಯ. ರತನ್ ಬಿದ್ದ ದಿನದಿಂದ, ದೋಣಿ ದಡಕ್ಕೆ ಬಂದ ಸಂಜೆಗಳಲ್ಲಿ ಕುಷ್ಟ ಎಂಬ ಜೊತೆಗಾರ ಬಂದು ಗೇಟಿನ ಕೊಕ್ಕೆಗೆ ಒಂದು ಚೀಲ ಮೀನು ತೂಗಿಸಿ ಹೋಗುತ್ತಿದ್ದ. ಒಳಗೆ ಬರುತ್ತಿರಲಿಲ್ಲ, ಕರೆಯುತ್ತಲೂ ಇರಲಿಲ್ಲ. ಮೀನಿಲ್ಲದ ವರ್ಷ ಅದು, ಆದರೂ ಒಂದಿಷ್ಟು ಬಂಗುಡೆಯೋ ಬೈಗೆಯಂಥ ಸಣ್ಣ ಮೀನೋ ಆ ಚೀಲದಲ್ಲಿ ಇದ್ದೇ ಇರುತ್ತಿತ್ತು. ಕುಸುಮಕ್ಕ ಅದನ್ನು ಸಾರಿನ ಮೀನು ಎನ್ನುತ್ತಿದ್ದಳು. ಮನೆಗೆ ಬೇಕಾದಷ್ಟು ತೆಗೆದುಕೊಂಡು ಮಿಕ್ಕಿದ್ದನ್ನು ಪಕ್ಕದ ಮನೆಯ ಸುಗುಣನಿಗೆ ಕೊಟ್ಟು ಬರುತ್ತಿದ್ದಳು. ಉಪ್ಪಿನ ಹರಳು ನೆಲಕ್ಕೆ ಬಿದ್ದರೆ ಹೆಕ್ಕುವ ಹೆಂಗಸು, ಮೀನನ್ನು ಬಿಟ್ಟಿ ಹಂಚುವುದು! ಮಿಕ್ಕಿದ್ದನ್ನು ಮಾರಬಹುದಲ್ಲ ಎಂದು ಧನ್ಯಶ್ರೀ ಒಮ್ಮೆ ಕೇಳಿದ್ದಳು. "ಅದನ್ನ್ ಮಾರೂಕಾಗ," ಅಂದಳು ಅತ್ತೆ, ಅಷ್ಟೇ. ಯಾಕೆ ಎಂದು ಕೇಳಿದ್ದಕ್ಕೆ ಚೀಲ ಎತ್ತಿಕೊಂಡು ಪಕ್ಕದ ಮನೆಗೆ ನಡೆದಳು. ಒಂದು ಕೈಯಲ್ಲಿ ಬಿಗಿ ಹಿಡಿದು ಇನ್ನೊಂದು ಕೈಯಲ್ಲಿ ಚೆಲ್ಲುವ ಈ ಲೆಕ್ಕ ಅವಳಿಗೆ ಅರ್ಥವಾಗಲಿಲ್ಲ. ಊರವರ ಮುಂದೆ ದೊಡ್ಡಸ್ತಿಕೆ ತೋರಿಸುವ ಗೀಳು ಎಂದುಕೊಂಡಳು.

ಹೀಗಿರುವಾಗ ಕರೆಂಟಿನವರು ಬಂದರು. ರತನ್ ಮಲಗಿದ ಮೇಲೆ ಎಷ್ಟು ಆರಿಸಿದರೂ ಫ್ಯಾನು ತಿರುಗಿಯೇ ತಿರುಗಿತ್ತು, ಸರ್ಕಾರದ ಉಚಿತ ಕರೆಂಟಿನ ಮಿತಿ ದಾಟಿ ಬಿಲ್ಲು ಬಂದಿತ್ತು, ಕಟ್ಟದೆ ಉಳಿದ ಹಳೇ ಬಾಕಿ ಅದಕ್ಕೆ ಸೇರಿತ್ತು. ನಾಳೆ ಕಟ್ಟದಿದ್ದರೆ ಫ್ಯೂಸ್ ತೆಗೆಯಬೇಕಾಗುತ್ತದೆ ಎಂದು ಆ ಮನುಷ್ಯ ಬೇಸರದಿಂದಲೇ ಹೇಳಿ ಹೋದ. ಅತ್ತೆ ಮನೆಯಲ್ಲಿ ಇರಲಿಲ್ಲ, ತೆಕ್ಕಟ್ಟೆಯ ನಂಟರ ಮನೆಯ ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಊಟಕ್ಕೆ ಹೋಗಿದ್ದಳು. ಅಂದು ಸಂಜೆಯೇ ಗೇಟಿನ ಚೀಲ ಎಂದಿಗಿಂತ ಭಾರವಾಗಿತ್ತು. ಬಿಚ್ಚಿ ನೋಡಿದರೆ ತೋಳುದ್ದದ ಜೋಡಿ ಅಂಜಲ್, ಪೇಟೆಯಲ್ಲಿ ಒಳ್ಳೆಯ ಬೆಲೆ ಸಿಗುವ ಮೀನು!

ರತನ್ ಮಾತ್ರೆ ನುಂಗಿ ನಿದ್ದೆ ಹೋಗಿದ್ದ. ಧನ್ಯಶ್ರೀ ಮೀನನ್ನು ನೋಡಿದಳು, ಗಂಡನ ಬೆವರಿದ ಕುತ್ತಿಗೆ ನೋಡಿದಳು. ಬೇಡ ಎಂದ ಅತ್ತೆಯ ಮಾತು ನೆನಪಾಗದೆ ಇರಲಿಲ್ಲ, ಆದರೆ ಕಾರಣ ಇಲ್ಲದ ಮಾತಿಗೆ ಎಷ್ಟು ಬೆಲೆ? ಚೀಲವನ್ನು ಎತ್ತಿಕೊಂಡು ಹೆದ್ದಾರಿ ಬದಿಯ ಮೀನೂಟದ ಹೋಟೆಲಿಗೆ ನಡೆದಳು. ಹೋಟೆಲಿನ ರೋಷನ್ ಖುಷಿಯಿಂದಲೇ ಕೊಂಡ. ಬೆಳಿಗ್ಗೆ ಬಿಲ್ಲು ಕಟ್ಟಿ ಬಂದು, ಅಪ್ಪ ಕಳಿಸಿದ ದುಡ್ಡು ಎಂದು ಊರಿಂದ ಮರಳಿದ ಅತ್ತೆಗೆ ಸುಳ್ಳು ಹೇಳಿ, ಫ್ಯಾನು ಹಾಕಿ ಗಂಡನ ಕಾಲ ಬುಡದಲ್ಲಿ ಕುಳಿತಳು. ಎಷ್ಟೋ ದಿನದ ಮೇಲೆ ಅವಳ ಎದೆ ಹಗುರಾಗಿತ್ತು.

ಆ ಸಂಜೆ ದೋಣಿ ಬಂತು, ಗೇಟಿಗೆ ಚೀಲ ಬರಲಿಲ್ಲ. ಮೀನು ಸಿಕ್ಕಿರಲಿಕ್ಕಿಲ್ಲ ಎಂದಳು ಧನ್ಯಶ್ರೀ. ಕುಸುಮಕ್ಕ ಗೇಟಿನ ಹತ್ತಿರವೇ ನಿಂತಳು. ಮರುದಿನವೂ ಬರಲಿಲ್ಲ. ಕೊಕ್ಕೆ ಖಾಲಿಯಾಗಿ ನೇತಾಡುತ್ತಿತ್ತು. ಅದನ್ನು ನೋಡುತ್ತ ಅತ್ತೆಯ ಮುಖ ಬಣ್ಣ ಕಳೆದುಕೊಳ್ಳುವುದನ್ನು ಕಂಡಾಗ ಧನ್ಯಶ್ರೀಗೆ ಮೊದಲ ಸಲ ಭಯವಾಯಿತು. ಒಂದು ಚೀಲ ಮೀನಿಗೆ ಇಷ್ಟೊಂದು ಯಾಕೆ?

ಕೊನೆಗೆ ಕುಷ್ಟ ಬಂದ, ಬರಿಗೈಯಲ್ಲಿ. ಗೇಟಿನ ಆಚೆಯೇ ನಿಂತು ಕರೆದ.

"ಹ್ವಾಯ್ ಕುಸುಮಕ್ಕ... ತಾಂಡೇಲ್ರ್ ಹೇಳಿ ಕಳ್ಸಿರ್. ನಿಮ್ಮನೆ ಅಂಜಲ್ ರೋಷನ್ನ ಹೋಟ್ಲಲ್ಲಿ ಇತ್ತಂಬ್ರ್. ಇನ್ನ್ ಮೀನ್ ಬತ್ತಿಲ್ಲೆ. ರತನನ ಜಾಗಕ್ಕೆ ಬೇರೆ ಜನ ಬೇಕ್ ಅಂದ್ರ್."

ಅವನು ಹೋದ. ಕುಸುಮಕ್ಕ ಸೊಸೆಯ ರಟ್ಟೆ ಹಿಡಿದು ಬಾವಿಯ ಹಿಂದಕ್ಕೆ, ರತನನ ಕಿವಿಗೆ ಬೀಳದ ಕಡೆಗೆ, ಎಳೆದುಕೊಂಡು ಹೋದಳು.

"ಮಾರ್ದ್ಯಾ?"

"ಹೌದ್ ಅತ್ತೆ. ಕರೆಂಟ್ ಬಿಲ್ಲಿಗೆ..."

ಹೊಡೆಯುತ್ತಾಳೆ ಎಂದು ಧನ್ಯಶ್ರೀ ಕಣ್ಣು ಮುಚ್ಚಿದಳು. ಪೆಟ್ಟು ಬೀಳಲಿಲ್ಲ. ಕಣ್ಣು ಬಿಟ್ಟರೆ ಅತ್ತೆ ಬಾವಿಕಟ್ಟೆಯ ಮೇಲೆ ಕುಸಿದು ಕುಳಿತಿದ್ದಳು. ಆಮೇಲೆ ನಿಧಾನವಾಗಿ, ತನಗೇ ಹೇಳಿಕೊಳ್ಳುವವಳಂತೆ ಹೇಳಿದಳು. ಆ ದೋಣಿಗೆ ಹಿರಿಯರ ಕಾಲದಿಂದ ಒಂದು ಕ್ರಮ ಇತ್ತು. ಕೈಕಾಲು ಮುರಿದು ಮನೆಯಲ್ಲಿ ಕುಳಿತವನ ಗೇಟಿಗೆ ಸಾರಿನ ಮೀನು ತೂಗಿಸುವುದು ದಾನಕ್ಕಲ್ಲ. ನೀನು ನಮ್ಮವನೇ, ನಿನ್ನ ಜಾಗ ಖಾಲಿ ಇಟ್ಟಿದ್ದೇವೆ, ನಮ್ಮ ಪಾತ್ರೆಯಲ್ಲಿ ಬೇಯುವುದು ನಿನ್ನ ಪಾತ್ರೆಯಲ್ಲೂ ಬೇಯಲಿ ಎಂಬುದಕ್ಕೆ. ಉಣ್ಣಬಹುದು, ಹಂಚಬಹುದು. ಮಾರಿದರೆ, ನನ್ನ ಪಾಲು ನಾನು ದುಡ್ಡು ಮಾಡಿಕೊಂಡೆ, ದೋಣಿಗೂ ನನಗೂ ಸಂಬಂಧ ತೀರಿತು ಎಂದ ಹಾಗೆ. ಹೆಂಡತಿ ಮಾರಿದರೆ ಗಂಡನೇ ಮಾರಿದ ಲೆಕ್ಕ.

ಧನ್ಯಶ್ರೀ ಮನೆಯ ಕಡೆ ತಿರುಗಿ ನೋಡಿದಳು. ಗಂಡನಿಗೆ ಗಾಳಿ ಕೊಡಲು ಹೋಗಿ ಅವನ ಅನ್ನಕ್ಕೇ ಕಲ್ಲು ಹಾಕಿದೆನೇ... ಮಂಚದ ಮೇಲೆ ಮಲಗಿ ಅವನು ಬೇರೇನನ್ನೂ ಕೇಳಿದವನಲ್ಲ. ಕಾಲು ಊರಲು ಬಂದ ದಿನ ದೋಣಿ ಹತ್ತುವ ಮಾತೊಂದನ್ನೇ ಆಡುತ್ತಿದ್ದ.

"ನಂಗೆ ಹೇಳ್ಬಹುದಿತ್ತ್ ಅಲ್ದಾ ಅತ್ತೆ?"

ಕುಸುಮಕ್ಕ ಅವಳನ್ನು ವಿಚಿತ್ರವಾಗಿ ನೋಡಿದಳು. ಈ ಕೇರಿಯಲ್ಲಿ ಯಾರೂ ಯಾರಿಗೂ ಹೇಳಿಕೊಡದೆ ತಿಳಿದುಕೊಳ್ಳುವ ಸಂಗತಿ ಅದು, ಹೇಳಬೇಕು ಎಂಬುದೇ ಅವಳಿಗೆ ಹೊಳೆದಿರಲಿಲ್ಲ. ಮಂಡಿ ಹಿಡಿದುಕೊಂಡು ಎದ್ದಳು. ಹುಬ್ಬು ಗಂಟಿಕ್ಕಿತ್ತು, ಹಳೆಯ ಗಡಸು ದನಿ ಮರಳಿ ಬಂತು.

"ನಡಿ ದಡಕ್ಕೆ. ಬಾಯಿ ಬಿಡೂಕಾಗ ನೀನ್."

ಮಂಡಿ ನೋವಿನವಳು, ಮನೆಯಿಂದ ಗೇಟಿಗೆ ಬರುವುದಕ್ಕೇ ನರಳುವವಳು, ಹೆದ್ದಾರಿ ದಾಟಿ ಮರಳಲ್ಲಿ ಕಾಲು ಎಳೆಯುತ್ತ ನಡೆದಳು. ಹಿಂದೆ ಧನ್ಯಶ್ರೀ. ಅತ್ತೆ ತನ್ನನ್ನು ಎಲ್ಲರ ಮುಂದೆ ನಿಲ್ಲಿಸಿ ಬೈಸುತ್ತಾಳೆ, ಕಾಲಿಗೆ ಬೀಳಿಸುತ್ತಾಳೆ ಎಂದುಕೊಂಡಳು. ಅದಾದರೂ ಆಗಲಿ, ಗಂಡನ ಜಾಗ ಉಳಿಯಲಿ ಎಂದು ಮನಸ್ಸು ಗಟ್ಟಿ ಮಾಡಿಕೊಂಡಳು.

ಚಂದಯ್ಯ ದೋಣಿಯ ನೆರಳಲ್ಲಿ ಬಲೆ ಹೊಲಿಯುತ್ತಿದ್ದ. ಸುತ್ತ ದೋಣಿಯ ಜನ ಇದ್ದರು. ಕುಸುಮಕ್ಕ ಬರುವುದನ್ನು ಕಂಡು ಬದಿಗೆ ಸರಿದರು. ಅವಳೇ ಎತ್ತಿ ಆಡಿಸಿದ ಹುಡುಗ ಚಂದಯ್ಯ, ಯಾವತ್ತೂ ಅವನನ್ನು ಹೆಸರು ಹಿಡಿದೇ ಕರೆದವಳು, ಅಂದು ಹಾಗೆ ಕರೆಯಲಿಲ್ಲ.

"ತಾಂಡೇಲ್ರೆ, ಅಂಜಲ್ ಮಾರ್ದ್ ನಾನ್. ಈ ಹೆಣ್ಣಿಗ್ ಕ್ರಮ ಗೊತ್ತಿಲ್ಲೆ, ಬ್ರಹ್ಮಾವರದ್ದ್. ತಕಂಡ್ ಹೋಗಿ ಕೊಟ್ಟ್ ಬಾ ಅಂದೆ, ಕೊಟ್ಟ್ ಬಂತ್. ದುಡ್ಡಿನ ಆಸೆ ನನ್ನದ್. ಮಗನಿಗೂ ಗೊತ್ತಿಲ್ಲೆ."

ಧನ್ಯಶ್ರೀ ಬಾಯಿ ತೆರೆದಳು. ಸೀರೆಯ ಮರೆಯಲ್ಲಿ ಅತ್ತೆಯ ಬೆರಳು ಅವಳ ಮಣಿಕಟ್ಟನ್ನು ಎಲುಬು ನೋಯುವಂತೆ ಅಮುಕಿತು.

ಯಾರಿಗೂ ಸಂಶಯ ಬರಲಿಲ್ಲ. ಅದೇ ಧನ್ಯಶ್ರೀಯ ಎದೆಗೆ ಚುಚ್ಚಿದ್ದು. ಅಷ್ಟು ಬಿಗಿಯವಳು, ಸೊಸೆಯನ್ನು ಹಿಂಡುವವಳು, ಮಾಡಿದ್ದರೆ ಅವಳೇ ಮಾಡಿರಬೇಕು ಎಂದು ಪ್ರತಿ ಮುಖದಲ್ಲೂ ಬರೆದಿತ್ತು. ಕುಷ್ಟ ಮರಳಿಗೆ ಉಗುಳಿದ. ಇವಳನ್ನು ನೋಡಿ ಪಾಪ ಎಂದು ಯಾರೋ ಗೊಣಗಿದರು.

ಚಂದಯ್ಯ ಹಿಡಿದಿದ್ದ ಬಲೆಯ ಕಣ್ಣನ್ನು ಹೊಲಿದು ಮುಗಿಸಿದ. ಮಗನೋ ಅವನ ಹೆಂಡತಿಯೋ ಮಾಡಿದ್ದರೆ ಜಾಗ ಹೋದದ್ದೇ, ತಾಯಿ ಮಾಡಿದ್ದಕ್ಕೆ ಮಗನ ಜಾಗ ಕೀಳುವುದು ನ್ಯಾಯವಲ್ಲ ಎಂದ. ಆದರೆ ತಪ್ಪು ತಪ್ಪೇ, ಹಿರಿಯರು ಇಟ್ಟ ಶಿಕ್ಷೆ ಒಂದಿದೆ.

"ಈ ದೋಣಿ ಮೀನ್ ಇನ್ನ್ ನೀವ್ ಮುಟ್ಟೂಕಿಲ್ಲೆ, ಉಂಬುಕಿಲ್ಲೆ ಕುಸುಮಕ್ಕ. ಬದ್ಕಿಪ್ಪ ವರೆಗೂ."

"ಆಯ್ತ್," ಅಂದಳು ಕುಸುಮಕ್ಕ. ಹುಟ್ಟಿದ ಲಾಗಾಯ್ತು ಮೀನಿಲ್ಲದೆ ತುತ್ತು ಇಳಿಯದ ಹೆಂಗಸು. ಪೇಟೆಯಿಂದ ಮೀನು ಕೊಂಡು ತಿನ್ನುವ ಕಾಲ ಈ ಮನೆಗೆ ಯಾವಾಗ ಬರಬೇಕು?

ವಾಪಸು ಬರುವ ದಾರಿಯಲ್ಲಿ ಧನ್ಯಶ್ರೀ ಅತ್ತಳು, ಕ್ಷಮೆ ಕೇಳಿದಳು, ಗಂಡನಿಗಾದರೂ ನಿಜ ಹೇಳುತ್ತೇನೆ ಎಂದಳು. ಅವನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ, ಕುಷ್ಟನ ಮುಂದೆ ಆಡಿಯೇ ಆಡುತ್ತಾನೆ, ಆಮೇಲೆ ನಿನಗೆ ಮರ್ಯಾದೆಯೂ ಇಲ್ಲ, ಅವನಿಗೆ ದೋಣಿಯೂ ಇಲ್ಲ ಎಂದು ಅತ್ತೆ ಬಾಯಿ ಮುಚ್ಚಿಸಿದಳು. ಈ ಹೆಂಗಸಿಗೆ ತಾನು ಬೇಕೋ ಬೇಡವೋ? ತನಗಾಗಿ ತಲೆ ಕೊಟ್ಟಳೋ, ಮಗನಿಗಾಗಿಯೋ? ಇಬ್ಬರಿಗೂ ಇರಬಹುದೇ? ಎಷ್ಟು ಯೋಚಿಸಿದರೂ ಧನ್ಯಶ್ರೀಗೆ ತಿಳಿಯಲಿಲ್ಲ. ಮನೆಗೆ ಬಂದ ಕೂಡಲೇ ಕುಸುಮಕ್ಕ ಎಂದಿನಂತೆ, ಬಚ್ಚಲಲ್ಲಿ ನೀರು ತೊಟ್ಟಿಕ್ಕುವುದಕ್ಕೆ ಅವಳನ್ನೇ ಬೈದಳು.

ಸುದ್ದಿ ರತನನಿಗೆ ಮುಟ್ಟಿತು. ಅವನು ಕೂಗಾಡಲಿಲ್ಲ. ತಾಯಿ ಕಪ್ಪು ಚಹಾ ತಂದು ಕೊಟ್ಟಾಗ ಲೋಟ ಮುಟ್ಟದೆ ಕೇಳಿದ, "ನನ್ನ ಜಾಗ ಮಾರುವಷ್ಟ್ ಎಂತ ಹಸಿವ್ ಅಮ್ಮ ನಿಂಗೆ?"

ಕುಸುಮಕ್ಕ ಲೋಟ ಎತ್ತಿಕೊಂಡಳು. ಚಹಾ ಆರಿಹೋಗುವುದಕ್ಕೆ ಬಿಡದೆ, ಸಕ್ಕರೆ ಹಾಕಿದ್ದು ಹಾಳಾಗುತ್ತದೆ ಎಂದು, ತಾನೇ ನಿಂತುಕೊಂಡು ಕುಡಿದಳು. ಮೇಲೆ ಫ್ಯಾನು ತಿರುಗುತ್ತಿತ್ತು. ಅವಳು ಆವತ್ತು ಅದನ್ನು ಆರಿಸಲಿಲ್ಲ. ಬಾಗಿಲ ಸಂದಿಯಲ್ಲಿ ನಿಂತ ಧನ್ಯಶ್ರೀ ನಾಲಿಗೆಯ ತುದಿಗೆ ಬಂದ ನಿಜವನ್ನು ನುಂಗಿ, ಖಾಲಿ ಲೋಟವನ್ನು ತೊಳೆಯಲು ಒಯ್ದಳು...

ಮರುದಿನ ಗೇಟಿನ ಕೊಕ್ಕೆಯಲ್ಲಿ ಚೀಲ ತೂಗಿತ್ತು. ಕುಸುಮಕ್ಕ ದೂರದಿಂದಲೇ ನೋಡಿದಳು, ಸೊಸೆಯನ್ನು ಕರೆದು ತೋರಿಸಿದಳು, ಒಳಗೆ ಹೋದಳು. ಧನ್ಯಶ್ರೀಯೇ ಬಂಗುಡೆ ಹಸನು ಮಾಡಿದಳು, ತೆಂಗಿನಕಾಯಿ ಅರೆದಳು. ಹುಳಿ ಎಷ್ಟು, ಮೆಣಸು ಎಷ್ಟು ಎಂದು ಅತ್ತೆ ಬಾಗಿಲಾಚೆ ಕುಳಿತು ಹೇಳುತ್ತಿದ್ದಳು. ಕುದಿಯುವ ಸಾರಿನ ಪರಿಮಳ ಮನೆ ತುಂಬಿದಾಗ ಅವಳು ಎದ್ದು ಹೋಗಿ ಉಪ್ಪಿನಕಾಯಿಯ ಭರಣಿ ಇಳಿಸಿದಳು.

ರತನ್ ಚಾವಡಿಯಲ್ಲಿ ಉಂಡ, ತಾಯಿಯನ್ನು ಕರೆಯಲಿಲ್ಲ. ಒಳಗೆ ಅತ್ತೆ ಸೊಸೆ ಕುಳಿತರು. ಅತ್ತೆಯ ತಟ್ಟೆಗೆ ಗಂಜಿ, ಒಂದು ಹೋಳು ಮಾವಿನ ಉಪ್ಪಿನಕಾಯಿ. ಧನ್ಯಶ್ರೀ ತನ್ನ ತಟ್ಟೆಗೂ ಅಷ್ಟನ್ನೇ ಹಾಕಿಕೊಂಡಳು.

"ಸಾರ್ ಎಲ್ಲಿತ್ತ್ ನಿಂದ್?"

"ನಂಗೆ ಬೇಡ ಅತ್ತೆ. ನೀವ್ ಬಿಟ್ಟದ್ದ್ ನಂಗೂ ಬೇಡ."

ಸಿಟ್ಟು ಬಂತೋ, ಇನ್ನೇನಾದರೂ ಬಂತೋ, ಕುಸುಮಕ್ಕ ಎತ್ತಿದ ತುತ್ತನ್ನು ತಟ್ಟೆಗೇ ಹಾಕಿದಳು. ಚಾವಡಿಯ ಕಡೆ ನೋಡಿ ದನಿ ತಗ್ಗಿಸಿದಳು.

"ಇಬ್ರೂ ಬಿಟ್ರೆ ಎಂತಕ್ಕ್ ಅಂತ ಅಂವ ಕೇಳ್ತ. ಆಮೇಲೆ ಊರಿಗೇ ಗೊತ್ತಾತ್ತ್. ನಾನ್ ಬಿಟ್ಟದ್ದ್ ಹಾಳಾಪ್ಪುಕಾ? ಹಾಕ್ಕೊ. ಬಾಲ ಅಲ್ಲ, ನಡು ತುಂಡ್ ಹಾಕ್ಕೊ."

ಆ ಮನೆಯಲ್ಲಿ ನಡು ತುಂಡು ಯಾವತ್ತೂ ರತನನದು. ಧನ್ಯಶ್ರೀ ಅದನ್ನೇ ಬಡಿಸಿಕೊಂಡಳು, ಮುರಿದು ಬಾಯಿಗೆ ಇಟ್ಟಳು. ಅತ್ತೆ ಉಪ್ಪಿನಕಾಯಿ ನೆಕ್ಕುತ್ತ ಅವಳ ಕೈಯನ್ನೇ ನೋಡುತ್ತಿದ್ದಳು, ಒಗ್ಗರಣೆಗೆ ಎಣ್ಣೆ ಬಿಡುವಾಗ ನೋಡುತ್ತಿದ್ದ ಹಾಗೆಯೇ.

"ಮುಳ್ಳ್ ಕಂಡ್ಕಂಡ್ ತಿನ್ನ್," ಅಂದಳು.

ಕಣ್ಣು ತುಂಬಿದ್ದ ಧನ್ಯಶ್ರೀಗೆ ಮುಳ್ಳು ಕಾಣುತ್ತಿರಲಿಲ್ಲ. ಬೆರಳಲ್ಲೇ ತಡವಿ ತೆಗೆದು, ತಟ್ಟೆಯ ಅಂಚಿಗೆ ಇಟ್ಟು, ಚೂರೂ ಬಿಡದೆ ತಿಂದಳು.