ಕಾಳವ್ವನ ಮನೆಯ ಖಾರ

"ಇದನ್ನ ಕುಟ್ಟಂಗಿಲ್ಲರಿ. ವಾಪಸ್ ತುಗೊಂಡು ಹೋಗ್ರಿ."

ರೂಪಾಲಿ ತಾನು ಸರಿಯಾಗಿ ಕೇಳಿಸಿಕೊಂಡೆನೋ ಇಲ್ಲವೋ ಎಂದು ಹಾಗೇ ನಿಂತಳು. ಜತ್ತದ ಆ ಖಾರ ಕುಟ್ಟುವ ಗಿರಣಿಯಲ್ಲಿ ಹತ್ತು ಹನ್ನೆರಡು ಹೆಂಗಸರು ತಮ್ಮ ತಮ್ಮ ಗಂಟು ಇಟ್ಟುಕೊಂಡು ಪಾಳಿ ಕಾಯುತ್ತಿದ್ದರು. ಎಲ್ಲರ ಕಣ್ಣೂ ಈಗ ಅವಳ ಮೇಲೆ.

"ಯಾಕ? ಏನಾಗೇತಿ ನನ್ನ ಖಾರಕ್ಕ?"

ಗಿರಣಿಯ ಶಿದ್ರಾಯ, ಅವಳು ಹುರಿದು ತಂದಿದ್ದ ಮೆಣಸಿನಕಾಯಿ, ಕೊತ್ತಂಬರಿ, ಒಣಕೊಬ್ಬರಿಯನ್ನು ಇನ್ನೊಮ್ಮೆ ಮೂಸಿ ನೋಡಿದ. ಮೂವತ್ತರ ಆಸುಪಾಸಿನ ಗಂಡಸು, ಹುಬ್ಬಿನ ಮೇಲೆಲ್ಲ ಕೆಂಪು ಪುಡಿ.

"ಉಟಗಿ ಕಾಳವ್ವಾಯಿ ಮನಿದು ಅಂದ್ರಿ. ಇದು ಆ ಮನಿ ಖಾರ ಅಲ್ಲ," ಎಂದವನು ದನಿ ತಗ್ಗಿಸಿದ. "ಸಂಜಿಗೆ ಬರ್ರಿ, ಮಾತಾಡೂಣು."

ಸಂಜೆಗೆ ಬರಬೇಕಂತೆ! ನನ್ನ ಅಜ್ಜಿಯ ಖಾರ ಯಾವುದು ಅಂತ ಇವನು ನನಗೆ ಹೇಳುತ್ತಾನಾ...?

"ನಾ ಆಕಿ ಮೊಮ್ಮಗಳು. ನಮ್ಮ ಮನಿ ಖಾರ ನಿಮ್ಮ ಕಡಿಂದ ಕಲೀಬೇಕಾಗಿಲ್ಲ."

ಗಂಟು ಎತ್ತಿಕೊಂಡು ಹೊರಬಿದ್ದಳು. "ಥಾಂಬ ಗ ಪೋರಿ, ನಿಲ್ಲ ಸ್ವಲ್ಪ," ಎಂದು ಯಾರೋ ಮುದುಕಿ ಹಿಂದಿನಿಂದ ಕರೆದರೂ ನಿಲ್ಲಲಿಲ್ಲ. ಬಿಸಿಲಿನಲ್ಲಿ ಅರ್ಧ ದಾರಿ ನಡೆದ ಮೇಲೆ ಕಣ್ಣು ತುಂಬಿ ಬಂತು. ಅದು ಬರೀ ಕೋಪವಲ್ಲ, ಹೆದರಿಕೆ. ಅವನು ಹೇಳಿದ್ದು ನಿಜವಾಗಿದ್ದರೆ?

ರೂಪಾಲಿ ಹುಟ್ಟಿ ಬೆಳೆದದ್ದು ಸಾಂಗ್ಲಿಯಲ್ಲಿ. ಆದರೆ ಬೇಸಿಗೆ ರಜೆ ಬಂದರೆ ಸಾಕು, ಎಸ್‌ಟಿ ಬಸ್ಸು ಹತ್ತಿ ಅಜ್ಜಿಯ ಊರಾದ ಉಟಗಿಗೆ ಓಡುತ್ತಿದ್ದಳು. ಅಂಗಳದಲ್ಲಿ ಮೂರು ಕಲ್ಲಿನ ಒಲೆ. ಅಜ್ಜಿ ಕಾಳವ್ವ ಮೆಣಸಿನಕಾಯಿ ಹುರಿದರೆ ಓಣಿಯೆಲ್ಲ ಸೀನುತ್ತಿತ್ತು. ಜತ್ತಕ್ಕೆ ಹೋಗಿ ಕುಟ್ಟಿಸಿಕೊಂಡು ಬಂದ ಸಂಜೆ, ಬಿಸಿ ಜೋಳದ ರೊಟ್ಟಿಯ ಮೇಲೆ ಹೊಸ ಖಾರ ಉದುರಿಸಿ, ಎಣ್ಣೆ ಬಿಟ್ಟು, ಮೊದಲ ತುತ್ತು ಮೊಮ್ಮಗಳ ಬಾಯಿಗೆ.

"ಹೆಂಗೈತಿ?" ಎಂದು ಕೇಳಿ ಅವಳ ಮುಖವನ್ನೇ ನೋಡುತ್ತ ಕೂರುತ್ತಿದ್ದಳು ಅಜ್ಜಿ. ಅಡುಗೆಯ ಹುಚ್ಚು ರೂಪಾಲಿಗೆ ಹಿಡಿದದ್ದು ಆ ತುತ್ತಿನಿಂದಲೇ.

ಆ ಹುಚ್ಚೇ ಅವಳನ್ನು ಈಗ ಜತ್ತಕ್ಕೆ ಕರೆತಂದಿತ್ತು. ಅಜ್ಜಿಯ ಗೆಳತಿ ಹಣಮವ್ವನ ಮನೆಯಲ್ಲಿ ಕೋಣೆ ಹಿಡಿದು, ಕಾಲೇಜಿನ ಹುಡುಗಿಯರಿಗೆ ಊಟದ ಡಬ್ಬಿ ಕಳಿಸುತ್ತಿದ್ದಳು. ಹೋದ ದಸರೆಗೆ ಅಜ್ಜಿ ತೀರಿಕೊಂಡಳು. ಭರಣಿಯಲ್ಲಿದ್ದ ಅವಳ ಕೈಯ ಖಾರವೂ ತಳ ಕಂಡಿತು. ಸಾಂಗ್ಲಿಯ ಸೊಸೆಗೆ ವರ್ಷವರ್ಷ ಖಾರ ಕಳಿಸಿದ ಕಾಳವ್ವ, ಅದರ ಅಳತೆಯನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ಈ ಸಲ ರೂಪಾಲಿಗೆ ಅದು ಕೈಗೂಡದಿದ್ದರೆ, ಆ ರುಚಿ ಈ ಲೋಕದಲ್ಲಿ ಮತ್ತೆಲ್ಲೂ ಇರುವುದಿಲ್ಲ.

ಮೂರು ದಿನ ಬಿಟ್ಟು, ಹಟಕ್ಕೆ ಬಿದ್ದು ಇನ್ನೊಂದು ಗಿರಣಿಯಲ್ಲಿ ಕುಟ್ಟಿಸಿದಳು. ಬದನೆಕಾಯಿ ಎಣ್ಣೆಗಾಯಿ ಮಾಡಿ ಮೊದಲ ತುತ್ತು ಬಾಯಿಗಿಟ್ಟವಳು ಅಲ್ಲೇ ಒಲೆಯ ಮುಂದೆ ಕುಸಿದು ಕೂತಳು. ಖಾರವಿತ್ತು, ಘಮವಿತ್ತು. ಅಜ್ಜಿ ಇರಲಿಲ್ಲ.

"ಶಿದ್ರಾಯ ಹೇಳಿದ್ದು ಖರೇ ಆತು ಹಂಗಾರ," ಎಂದಳು ಹಣಮವ್ವ, ತಾನೂ ಒಂದು ಚೂರು ರುಚಿ ನೋಡಿ.

"ಅಷ್ಟು ಮಂದ್ಯಾಗ ನನ್ನ ಮಾನ ಕಳದ ಅಂವ. ಏನು ಕಮ್ಮಿ ಐತಿ ಅಂತ ಅಲ್ಲೇ ಹೇಳಬಾರದಿತ್ತಾ?"

"ಹೆಂಗ ಹೇಳ್ತಾನ? ಒಂದು ಮನಿ ಖಾರದಾಗ ಏನೈತಿ ಅಂತ ನಾಲ್ಕು ಮನಿಯವರ ಮುಂದ ಬಾಯಿ ಬಿಡಂಗಿಲ್ಲ ಅವರು. ಅವರಪ್ಪನ ಕಾಲದಿಂದ ಹಂಗ. ಅಷ್ಟು ವರ್ಷದ ಗೆಳೆತನ ಇದ್ದರೂ ನಿಮ್ಮ ಖಾರದ ಗುಟ್ಟು ನನಗ ಗೊತ್ತಿಲ್ಲ. ಅದಕ್ಕ ಸಂಜಿಗೆ ಕರದಾನ ನಿನ್ನ."

ರೂಪಾಲಿಯ ಮುಖ ಕೆಂಪಾಯಿತು. ಛೆ... ಎಂಥ ಮಾತಾಡಿ ಬಂದೆ ನಾನು!

ಮರುದಿನ ಸಂಜೆ ಹೋದಾಗ ಗಿರಣಿ ಖಾಲಿಯಿತ್ತು. ಶಿದ್ರಾಯ ಒನಕೆ ಒರೆಸುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ.

"ಕುಂದ್ರಿ. ನಾಲ್ಕು ದಿನ ಆತು, ಸಂಜಿ ಆದ್ರ ಬಾಗಲಾ ನೋಡಕೋತ ಕುಂತೇನಿ."

"ತಪ್ಪಾತ್ರಿ ನಂದು," ಎಂದಳು ರೂಪಾಲಿ. ತಲೆ ಎತ್ತಲಾಗಲಿಲ್ಲ.

"ಗುರೆಳ್ಳು," ಎಂದ ಅವನು.

"ಅಂದ್ರ?"

"ನೀವು ಗುರೆಳ್ಳು ಹಾಕಿಲ್ಲ. ಕಾಳವ್ವಾಯಿ ಸೇರಿಗೆ ಎರಡು ಹಿಡಿ ಹಾಕತಿದ್ರು. ಅವರ ಖಾರ ಕುಟ್ಟಿದ ದಿನ ಒನಕಿ ಎಣ್ಣಿ ಹಚ್ಚಿದಂಗ ಮಿಂಚತಿತ್ತು."

"ಅಜ್ಜಿ ಗುರೆಳ್ಳು ಹುರಿಯೂದು ನಾ ಒಮ್ಮೆನೂ ನೋಡಿಲ್ಲ..."

"ಹೆಂಗ ನೋಡ್ತೀರಿ? ಅವರು ನಸುಕಿನ್ಯಾಗ ಎದ್ದು ಹುರೀತಿದ್ರಂತ. ನೀವು ಏಳೂದು ಎಂಟಕ್ಕಂತ."

ರೂಪಾಲಿಗೆ ನಗುವೂ ಬಂತು, ಅಳುವೂ ಬಂತು. "ಅದನ್ನೂ ಹೇಳ್ಯಾಳಾ?"

"ಒಂಬತ್ತು ವರ್ಷ ಹೇಳ್ಯಾರ," ಎಂದ ಶಿದ್ರಾಯ ಮೆಲ್ಲಗೆ. "ಖಾರ ಕುಟ್ಟಿ ಆಗೂತನಾ ನಿಮ್ಮದೇ ಮಾತು. ರೂಪಾಲಿ ಮೊದಲ ರೊಟ್ಟಿ ಸುಟ್ಟಳು, ರೂಪಾಲಿ ಹೋಳಿಗಿ ಕಲ್ತಳು, ರೂಪಾಲಿ ಕೈಯಾಗ ನನ್ನಕಿಂತ ಚಲೋ ರುಚಿ ಐತಿ ಅಂತ. ಪ್ರತಿ ಬ್ಯಾಸಿಗಿ ಅವರ ದಾರಿ ಕಾಯ್ತಿದ್ದೆ. ಖಾರ ಕುಟ್ಟಾಕ ಅಲ್ಲ... ನಿಮ್ಮ ಸುದ್ದಿ ಕೇಳಾಕ."

ತನ್ನ ಅಷ್ಟೂ ಬೇಸಿಗೆಗಳು ಈ ಅಪರಿಚಿತನ ನೆನಪಿನಲ್ಲಿ ಜೋಪಾನವಾಗಿ ಕೂತಿದ್ದವೆ?

ಎರಡು ದಿನಕ್ಕೆ ಹೊಸದಾಗಿ ಹುರಿದು ತಂದಳು, ಗುರೆಳ್ಳಿನ ಸಮೇತ. ಶಿದ್ರಾಯ ತಾನೇ ನಿಂತು ಕುಟ್ಟಿದ. ಡಬ್ಬಿಯಿಂದ ರೊಟ್ಟಿ ತೆಗೆದು, ಬಿಸಿ ಖಾರ ಉದುರಿಸಿ, ಒಂದು ತುತ್ತು ಬಾಯಿಗಿಟ್ಟಳು. ಕಣ್ಣಿನಿಂದ ನೀರು ಇಳಿಯಿತು. ಉಟಗಿಯ ಅಂಗಳ, ಒಲೆ, ಹೆಂಗೈತಿ ಎಂದು ಕೇಳುವ ಆ ಮುಖ... ಎಲ್ಲ ಬಂದವು. ಅಜ್ಜಿ ಹೋಗಿರಲಿಲ್ಲ.

ಇನ್ನೊಂದು ತುತ್ತು ಅವನಿಗೆ ಕೊಟ್ಟಳು. ಅವನು ಬಹಳ ಹೊತ್ತು ಅಗಿಯುತ್ತಲೇ ಇದ್ದ.

"ನಿಮ್ಮ ಮನಿ ಖಾರ ಹೆಂಗಿರತೈತ್ರಿ?" ಎಂದು ಕೇಳಿದಳು.

"ನಮ್ಮ ಮನಿ ಖಾರ ಅವ್ವನ ಜೋಡಿ ಹೋತು. ಹನ್ನೊಂದು ವರ್ಷಾತು, ಅಂಗಡಿ ಪಾಕೀಟಿನ ಖಾರ ತಿಂತೇನಿ."

ತಾಲೂಕಿನ ಅರ್ಧ ಮನೆಗಳ ಖಾರ ಕುಟ್ಟುವವನು ಪಾಕೀಟು ತಿನ್ನುತ್ತಾನೆ! ರೂಪಾಲಿ ಇನ್ನೊಂದು ರೊಟ್ಟಿಗೆ ಖಾರ ಉದುರಿಸಿ ಅವನ ಕೈಗಿಟ್ಟಳು.

"ಬರೋ ವರ್ಷ ನಾ ನಿಮಗೂ ಹುರೀತೇನಿ. ಎರಡೂ ಕೂಡಿಸಿ ಕುಟ್ಟೂಣು."

"ಎರಡು ಮನಿ ಖಾರ ಕೂಡಿಸಿ ಕುಟ್ಟಂಗಿಲ್ಲ ನಾ," ಎಂದ ಅವನು, ನೆಲ ನೋಡುತ್ತ.

"ಹಂಗಾರ ಒಂದ ಮನಿ ಮಾಡ್ರಿ."

ಅಂದುಬಿಟ್ಟ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಳ್ಳುವ ನೆಪ ಮಾಡಿದಳು. ಶಿದ್ರಾಯ ಕೈಗೆ ಹತ್ತಿದ ಖಾರ ಒರೆಸಿಕೊಂಡು ಅವಳ ಎದುರಿಗೆ ಬಂದ.

"ನಿಮ್ಮಪ್ಪಾರು ಸಾಂಗ್ಲಿಯಿಂದ ಯಾವಾಗ ಬರ್ತಾರ?"

"ರವಿವಾರ."

"ನಾನೂ ಬರ್ತೇನಿ," ಎಂದ. "ಊಟಕ್ಕ ಏನ್ ಮಾಡ್ತಿ?"

ಅವನು ಮೊದಲ ಸಲ ಅವಳನ್ನು ಏಕವಚನದಲ್ಲಿ ಕರೆದಿದ್ದ. ರೂಪಾಲಿ ಮುಖ ಮೇಲೆತ್ತಿದಳು.

"ನಿಮ್ಮವ್ವ ಏನ್ ಮಾಡತಿದ್ರು ಹೇಳ್ರಿ. ಅದನ್ನ ಮಾಡ್ತೇನಿ."