ಎಡಮಗ್ಗುಲ ರಾಣಿ, ಬಲಮಗ್ಗುಲ ಅಜ್ಜಿ

ಅವಳು ಅವನನ್ನು ಮೊದಲು ಕಂಡಾಗ ಅವನು ಕಾಡಿನ ಕಾಲುದಾರಿಯಲ್ಲಿ ಅಂಬೆಗಾಲಿಡುತ್ತಿದ್ದ.

ಬೇರೆಯವರಾಗಿದ್ದರೆ ಹೆದರಿ ಓಡುತ್ತಿದ್ದರು. ಅವಳೂ ಅವನಂತೆ ಹುಲಿ ಎಣಿಸುವವಳೇ. ಮರಕ್ಕೆ ಕಟ್ಟಿದ ಕ್ಯಾಮೆರಾ ಹುಲಿಯ ಎತ್ತರಕ್ಕೆ ಕ್ಲಿಕ್ಕಾಗುತ್ತದೋ ಇಲ್ಲವೋ ಎಂದು ತಿಳಿಯಲು ನಾವೇ ಹುಲಿಯಾಗಬೇಕು ಎಂಬುದು ಅವಳಿಗೂ ಗೊತ್ತು. ಸುಮ್ಮನೆ ನಿಂತು ಪೂರ್ತಿ ನೋಡಿದಳು. ಅವನು ತಲೆಯೆತ್ತಿದಾಗ ಕಂಡದ್ದು ಕೆಸರಾದ ಬೂಟು. ಅದರಿಂದ ಬಹಳ ಮೇಲೆ, ನಗು ಕಚ್ಚಿಹಿಡಿದ ತುಟಿ.

"ಹುಲಿ ಅಷ್ಟೊಂದು ಸೊಂಟ ಕುಣಿಸಲ್ಲ," ಎಂದಳು.

"ನಿಮ್ಮ ಕಡೆಯದು ಕುಣಿಸಲ್ವೇನೋ. ನಮ್ಮದು ಸ್ವಲ್ಪ ಶೋಕಿ."

ಹೀಗೆ ಶುರುವಾಯಿತು ಜಗಳ. ಹೊಳೆಯ ಆ ಕಡೆ ಅವಳ ಕಾಡು, ಈ ಕಡೆ ಅವನದು. ಅವಳ ಹೆಣ್ಣುಹುಲಿಯ ಹೆಸರು ರಾಣಿ, ಅವನದರ ಹೆಸರು ಅಜ್ಜಿ. ವಾರಕ್ಕೊಮ್ಮೆ ಕಚೇರಿಯ ಉದ್ದ ಮೇಜಿನ ಮೇಲೆ ಫೋಟೋ ಹರಡಿಕೊಂಡು, ಬೀಗರಂತೆ ಬಿಗುಮಾನದಿಂದ ಎದುರುಬದುರು ಕೂರುತ್ತಿದ್ದರು. ರಾಣಿಯ ಪಟ್ಟೆ ಮಗ್ಗದಲ್ಲಿ ನೇಯ್ದ ಹಾಗಿದೆ ಎಂದು ಅವಳು. ನಮ್ಮ ಅಜ್ಜಿಯ ಮುಂದೆ ನಿಮ್ಮ ರಾಣಿ ಹಳೇ ಹೊದಿಕೆ ಎಂದು ಅವನು. ಮಾತೆಲ್ಲ ಪಟ್ಟೆಯದು, ಕಣ್ಣು ಮಾತ್ರ ಪಟ್ಟೆಯ ಮೇಲೆ ನಿಲ್ಲುತ್ತಿರಲಿಲ್ಲ.

ಹುಲಿಯ ಎಡಮಗ್ಗುಲ ಪಟ್ಟೆ ಬಲಮಗ್ಗುಲ ಪಟ್ಟೆಯನ್ನು ಹೋಲುವುದಿಲ್ಲ. ಅದಕ್ಕೇ ದಾರಿಯ ಎರಡೂ ಬದಿಗೆ ಕ್ಯಾಮೆರಾ ಬೇಕು. ಇವರಿಗೆ ಸಿಕ್ಕದ್ದು ಒಂದು ಬದಿಗೆ ಸಾಕಾಗುವಷ್ಟೇ. ಹೊಳೆದಂಡೆಯಲ್ಲಿ ಬರಲಿದ್ದ ಹೆದ್ದಾರಿಯ ನಕ್ಷೆಗೆ ಮಿರಿಮಿರಿ ಬಣ್ಣದ ಕಾಗದ ಸಿಕ್ಕಿತ್ತು. ಕಾಡಿನ ಕ್ಯಾಮೆರಾಗೆ ಬ್ಯಾಟರಿ ಸಿಕ್ಕಿರಲಿಲ್ಲ. ಹಾಗಾಗಿ ಅವಳ ಫೋಟೋಗಳೆಲ್ಲ ಎಡಮಗ್ಗುಲು, ಅವನವೆಲ್ಲ ಬಲಮಗ್ಗುಲು. ಕಚೇರಿಯ ಸಾಹೇಬರಿಗೆ ಇದೇ ಹಿತವಾಗಿತ್ತು. ಎರಡು ದಂಡೆಗೆ ಎರಡು ಹುಲಿ, ಯಾವುದೂ ಹೊಳೆ ದಾಟುವುದಿಲ್ಲ, ರಸ್ತೆಯಿಂದ ಯಾರಿಗೂ ತೊಂದರೆಯಿಲ್ಲ ಎಂದು ಮೇಲಿನವರಿಗೆ ತಿಳಿಸಲು ಅವರು ತುದಿಗಾಲಲ್ಲಿದ್ದರು.

ಹೊಳೆಯ ಆಳವಿಲ್ಲದ ಜಾಗ ಯಾರ ಹುಲಿಯದು ಎಂಬ ಜಗಳ ವಿಪರೀತಕ್ಕೆ ಹೋದಾಗ ಪಂದ್ಯ ಕಟ್ಟಿದರು. ಅವಳದೊಂದು ಕ್ಯಾಮೆರಾ, ಅವನದೊಂದು, ಅಲ್ಲಿಯೇ ಎದುರುಬದುರು. ಯಾರ ಹುಲಿ ಬರುವುದಿಲ್ಲವೋ ಅವರು ಎದುರಾಳಿಯ ಮುಂದೆ ಅಂಬೆಗಾಲಿಡಬೇಕು.

ಮುಂದಿನ ವಾರ ಎರಡೂ ಕ್ಯಾಮೆರಾಗಳ ಕಾರ್ಡುಗಳನ್ನು ಒಂದೇ ಲ್ಯಾಪ್‌ಟಾಪಿಗೆ ಹಾಕಿ, ಭುಜಕ್ಕೆ ಭುಜ ತಾಗಿಸಿ ನೋಡಿದರು. ಎಡ ಕ್ಯಾಮೆರಾದಲ್ಲಿ ರಾಣಿ. ಅದೇ ಕ್ಷಣ, ಬಲದ್ದರಲ್ಲಿ ಅಜ್ಜಿ. ನೀರು ತೊಟ್ಟಿಕ್ಕುವ ಬಾಲ ಒಂದೇ.

"ನಮ್ಮ ಅಜ್ಜಿ ಹೋದ್ಲು," ಎಂದ ಅವನು, ಸಾವಿನ ಮನೆಯ ದನಿಯಲ್ಲಿ.

"ನನ್ನ ರಾಣಿನೂ." ಭುಜ ಮಾತ್ರ ಇಬ್ಬರೂ ತೆಗೆಯಲಿಲ್ಲ.

ಸಾಹೇಬರು ಫೋಟೋ ನೋಡಿದವರೇ ಇಬ್ಬರನ್ನೂ ಕೂರಿಸಿ ಬಾಗಿಲು ಹಾಕಿದರು. ಹುಲಿ ದಾಟುತ್ತದೆಂದರೆ ರಸ್ತೆ ಸುತ್ತಿ ಹೋಗಬೇಕು. ಆಮೇಲೆ ಬೆಣ್ಣೆಯಂಥ ದನಿ ತೆಗೆದರು: "ಎರಡು ಹುಲಿ ಇದ್ರೆ ಎರಡು ಕೆಲಸ. ಒಂದೇ ಅಂದ್ರೆ ನಿಮ್ಮಲ್ಲಿ ಒಬ್ಬರು ಗಂಟುಮೂಟೆ ಕಟ್ಬೇಕು. ಯೋಚಿಸಿ."

ಮನುಷ್ಯರ ಹೊಟ್ಟೆ ತೋರಿಸಿ ಕಾಡಿನ ಬಾಯಿ ಮುಚ್ಚಿಸುವ ಈ ವಿದ್ಯೆಗೇ ಅವರಿಗೆ ಬಡ್ತಿ ಸಿಕ್ಕಿದ್ದು.

ಅವಳು ಅವನನ್ನು ನೋಡಿದಳು. ಒಂದು ಸುಳ್ಳು ಹೇಳಿದರೆ ಸಾಕು, ಪ್ರತಿ ವಾರ ಈ ಮೇಜು, ಈ ಜಗಳ, ಈ ಮುಖ. ನಿಜ ಹೇಳಿದರೆ ಎದುರಿನ ಕುರ್ಚಿ ಖಾಲಿ. ಎರಡು ಎಂಬ ಮಾತು ನಾಲಿಗೆಯ ತುದಿಗೆ ಬಂದು ಕೂತಿತು.

"ಒಂದೇ ಹುಲಿ, ಸಾರ್," ಎಂದರು ಇಬ್ಬರೂ ಒಟ್ಟಿಗೆ. ಅವರು ಒಂದು ಮಾತಿಗೆ ಒಪ್ಪಿದ್ದು ಅದೇ ಮೊದಲು.

ಸಾಹೇಬರು ಫೋಟೋವನ್ನು ಖಾನೆಗೆ ತಳ್ಳಿ ಬೀಗ ಹಾಕಿದರು. ಅದರ ಪ್ರತಿ ರಾತ್ರಿಯೇ ಪತ್ರಿಕೆಗಳಿಗೆ ಹೋಗಿದೆ ಎಂದು ಮರುದಿನ ಅವಳು ಬಹಳ ವಿನಯದಿಂದ ತಿಳಿಸಿದಳು. ಹೆದ್ದಾರಿ ಗುಡ್ಡ ಸುತ್ತಿಕೊಂಡು ಹೋಗುವಂತಾಯಿತು. ಉಳಿದ ಒಂದು ಕೆಲಸ ಅವಳಿಗೆ ಬಿಟ್ಟು ಅವನು ಪಟ್ಟಣದ ಪ್ರಯೋಗಾಲಯದಲ್ಲಿ, ಕಾಡಿನಿಂದ ಬರುವ ಫೋಟೋಗಳ ಪಟ್ಟೆ ಹೊಂದಿಸುವ ಕೆಲಸ ಹುಡುಕಿಕೊಂಡ.

ಹೊರಡುವ ದಿನ ಅವಳು ಪಂದ್ಯ ನೆನಪಿಸಿದಳು. ಯಾರು ಸೋತದ್ದು ಎಂದು ತೀರ್ಮಾನವಾಗದೆ, ಹೊಳೆಯ ಬಳಿಯ ಅದೇ ಕ್ಯಾಮೆರಾಗಳ ನಡುವೆ ಇಬ್ಬರೂ ಪಕ್ಕಪಕ್ಕ ಅಂಬೆಗಾಲಿಟ್ಟರು.

"ಇನ್ಮೇಲೆ ಕ್ಯಾಮೆರಾ ಕಾರ್ಡ್ ಪೋಸ್ಟಲ್ಲಿ ಹಾಕ್ಬೇಡ," ಎಂದ ಅವನು. ನೀವು ಎಂಬುದು ಎಲ್ಲೋ ಕೆಸರಲ್ಲಿ ಉಳಿದುಹೋಗಿತ್ತು.

"ಮತ್ತೆ?"

"ನೀನೇ ತಾ. ಇಲ್ಲಾಂದ್ರೆ ನಾನೇ ಬ್ಯಾಟರಿ ತರ್ತೀನಿ. ಮದುವೆ ಆದ್ರೆ ಜೀವನಪೂರ್ತಿ ತರ್ತೀನಿ."

ಅವಳ ಅಂಗೈ ಕೆಸರಲ್ಲೇ ನಿಂತಿತು. ಕಿವಿ ಕೆಂಪಾಯಿತು.

"ಮೊದಲು ಆ ಸೊಂಟ ಸರಿಮಾಡ್ಕೋ," ಎಂದಳು. ಮತ್ತೆ ಮುಂದಕ್ಕೆ ಅಂಬೆಗಾಲಿಡುತ್ತ, "ಆಗ್ಲಿ."

ಆ ಕಾರ್ಡುಗಳನ್ನು ಸಾಹೇಬರೇ ತೆರೆದರು. ಒಬ್ಬರ ಮರೆಯಲ್ಲಿ ಇನ್ನೊಬ್ಬರು ಇದ್ದುದರಿಂದ ಎಡ ಕ್ಯಾಮೆರಾದಲ್ಲಿ ಅವಳೊಬ್ಬಳೇ, ಬಲದ್ದರಲ್ಲಿ ಅವನೊಬ್ಬನೇ. ಬೇರೆ ಬೇರೆ ಓಡಾಡಿದ್ದಾರೆ, ಪರಸ್ಪರ ಸಂಬಂಧವಿಲ್ಲ ಎಂದು ತೀರ್ಪು ಕೊಟ್ಟರು. ಎರಡು ಫೋಟೋ ಪಕ್ಕಪಕ್ಕ ಇಟ್ಟು ನೋಡುವ ಅಭ್ಯಾಸ ಅವರಿಗಿನ್ನೂ ಆಗಿರಲಿಲ್ಲ.