ಲೋಡರಿನೊಳಗಿನ ಹುಳಿ ವಾಸನೆ

ದಿಬ್ಬದ ಬುಡದಲ್ಲಿ ರಕ್ತದ ಮೇಲೆ ಯಾರೋ ಜಲ್ಲಿಪುಡಿ ಚೆಲ್ಲಿದ್ದರು. ಅದು ಕೆಂಪಗೆ ಗಟ್ಟಿಯಾಗಿತ್ತು. ಅದರಾಚೆ ಹಳದಿ ಲೋಡರ್ ಬಕೆಟ್ಟನ್ನು ನೆಲಕ್ಕೂರಿ ಸೊಟ್ಟಗೆ ನಿಂತಿತ್ತು. ಬೆಳಿಗ್ಗೆ ಕಲ್ಲು ತುಂಬಿಕೊಂಡು ದಿಬ್ಬ ಹತ್ತುವಾಗ ಅದು ಕಪ್ಪು ಹೊಗೆ ಕಾರಿ, ಉಸಿರು ಕಟ್ಟಿದಂತೆ ಆಫ್ ಆಗಿ, ಹಿಂದಕ್ಕೆ ಉರುಳಿತ್ತು. ಹಿಂದೆ ಬರುತ್ತಿದ್ದ, ಕಲ್ಲು ಸಾಗಿಸುವ ಬೆಲ್ಟಿನ ಕೆಲಸದವನ ಕಾಲು ಚಕ್ರದಡಿ ಸಿಕ್ಕಿತ್ತು. ಲೋಡರ್ ಓಡಿಸುತ್ತಿದ್ದ ಆಪರೇಟರ್ ತಕ್ಷಣ ಬಕೆಟ್ ಕೆಳಗೆ ಬಿಟ್ಟು ತಡೆದಿದ್ದರಿಂದ ಜೀವ ಉಳಿದಿತ್ತು.

ಸರ್ವೀಸ್ ವ್ಯಾನ್ ಓಡಿಸಿಕೊಂಡು ಬಂದಿದ್ದ ಭಾವ ಆ ರಕ್ತ ನೋಡಿ ಮುಖ ತಿರುಗಿಸಿದ. ಪಕ್ಕದಲ್ಲಿದ್ದ ಅವನ ಹೆಂಡತಿಯ ತಂಗಿ ತಿರುಗಿಸಲಿಲ್ಲ. ಡೀಸೆಲ್ ಎಂಜಿನ್ನುಗಳ ಕಾಯಿಲೆ ಹುಡುಕುವುದೇ ಅವಳ ಉದ್ಯೋಗ. ಕಲ್ಲುಪುಡಿ ಕಾರ್ಖಾನೆಗಳವರು ಅವಳನ್ನು ‘ಹೊಗೆ ಡಾಕ್ಟ್ರು’ ಎನ್ನುತ್ತಿದ್ದರು. ಭಾವನಿಗೆ ಅವಳ ಮೇಲೆ ಹೆಮ್ಮೆ. ಅದನ್ನು ಎದುರಿಗೆ ಹೇಳುವ ಅಭ್ಯಾಸ ಮಾತ್ರ ಇರಲಿಲ್ಲ.

“ಬೇಗ ಒಂದು ರಿಪೋರ್ಟ್ ಕೊಡಿ ಮೇಡಂ,” ಎಂದ ಸೂಪರ್‌ವೈಸರ್. “ಪೊಲೀಸ್ನೋರು ದಾರೀಲಿದ್ದಾರೆ. ಮಾಡಿದ್ದು ಆಪರೇಟರೇ. ಶಿಫ್ಟ್ ಬದಲಾಯಿಸ್ದೆ ಅಂತ ನನ್ನ ಮೇಲೆ ಹಲ್ಲು ಮಸೀತಿದ್ದ. ಬೇಕಂತಲೇ ಮೆಷಿನ್ ಕೆಡಿಸಿದ್ದಾನೆ.”

“ಅವರೇ ಅಂತ ಹೇಗೆ ಗೊತ್ತು?”

“ಕೀ ಇರೋದು ಅವನ ಹತ್ರ ಒಂದೇ. ಮೇಲಾಗಿ ಕುಡಿದಿದ್ದ. ಕ್ಯಾಬಿನ್ನಿಗೆ ಮೂಗು ಹಾಕಿ ನೋಡಿ.”

ಅವಳು ಮೊದಲು ಏರ್ ಫಿಲ್ಟರ್ ತೆಗೆದು ನೋಡಿದಳು. ಚೊಕ್ಕಟವಾಗಿತ್ತು. ಟರ್ಬೋದ ಕೊಳವೆಗಳನ್ನು ತಡವಿದಳು. ಎಲ್ಲೂ ಬಿರುಕಿಲ್ಲ. ಲ್ಯಾಪ್‌ಟಾಪ್ ಜೋಡಿಸಿ ಇಜಿಆರ್ ವಾಲ್ವಿಗೆ ‘ಮುಚ್ಚು’ ಎಂದು ಆಜ್ಞೆ ಕೊಟ್ಟಳು. ಸುಟ್ಟ ಹೊಗೆಯಲ್ಲಿ ಒಂದು ಪಾಲನ್ನು ಮತ್ತೆ ಎಂಜಿನ್ನಿಗೇ ಕುಡಿಸುವ ಪುಟ್ಟ ಬಾಗಿಲು ಅದು. ಬಾಗಿಲು ಮಿಸುಕಿತು, ಅರ್ಧಕ್ಕೇ ನಿಂತಿತು.

“ತೆರೆದೇ ಸಿಕ್ಕಿಹಾಕ್ಕೊಂಡಿದೆ,” ಎಂದಳು. “ಭಾರ ಹೊತ್ತು ಏರು ಹತ್ತೋವಾಗ ಗಾಳಿ ಬೇಕಾದ ಕಡೆ ಹೊಗೆ ನುಗ್ಗಿದೆ. ಎಂಜಿನ್ ಸಾಯದೆ ಏನು ಮಾಡುತ್ತೆ?”

ವಾಲ್ವ್ ಬಿಚ್ಚಿದಾಗ ಒಳಗೆಲ್ಲ ಕಪ್ಪಗೆ ಜಿಗುಟು ಹೊಳೆಯುತ್ತಿತ್ತು. ಸೂಪರ್‌ವೈಸರ್ ಬೆರಳು ಚಾಚಿದ. “ನೋಡಿ, ಎಣ್ಣೆ ಸುರಿದಿದ್ದಾನೆ! ಇದು ಹೊಸ ವಾಲ್ವು. ಚಳಿ ಶುರುವಾದಾಗ ಹಾಕಿಸಿದ್ದು.”

ಅವಳು ಉಗುರಿನಿಂದ ಕೆರೆದಳು. ಈರುಳ್ಳಿಯಂತೆ ಪದರದ ಕೆಳಗೆ ಪದರ. ಮೂಸಿ ನೋಡಿ ಭಾವನ ಮೂಗಿಗೂ ಹಿಡಿದಳು.

“ಡೀಸೆಲ್ ನಾತ,” ಎಂದ ಭಾವ. “ನನ್ನನ್ನೇನು ಪೊಲೀಸ್ ನಾಯಿ ಅಂದ್ಕೊಂಡಿದೀಯಾ?”

“ಅದಕ್ಕೆ ಸಂಬಳ ಜಾಸ್ತಿ ಭಾವ.”

ಕ್ಯಾಬಿನ್ನಿನೊಳಗೆ ನಿಜಕ್ಕೂ ವಾಸನೆ ಇತ್ತು, ಹುಳಿಹುಳಿಯಾಗಿ. ಹೀಟರಿನ ತಿರುಗಣೆ ಕೊನೆಯವರೆಗೆ ತಿರುಗಿತ್ತು. ಬಿಸಿಗಾಳಿಯ ಕಿಂಡಿಗಳೆಲ್ಲ ನೆಲಕ್ಕೆ ಮುಖ ಮಾಡಿದ್ದವು. ಸೀಟಿನ ಪಕ್ಕದ ಕಲ್ಲುಪುಡಿಯಲ್ಲಿ ದೊಡ್ಡ ದುಂಡನೆಯ ಗುರುತು. ತಿರುಗಣೆಗೆ ಮೆತ್ತಿದ್ದ ಬಿಳಿಯನ್ನು ಅವಳು ಒದ್ದೆ ಬೆರಳಿನಲ್ಲಿ ಉಜ್ಜಿ, ಎರಡು ಬೆರಳ ನಡುವೆ ಎಳೆದು ನೋಡಿದಳು.

ಆಪರೇಟರನ್ನು ಕ್ಯಾಂಟೀನಿನಲ್ಲಿ ಕೂರಿಸಿ ಬಾಗಿಲಿಗೆ ಕಾವಲುಗಾರನನ್ನು ನಿಲ್ಲಿಸಿದ್ದರು. ಅಡುಗೆಯವನು ಅವನ ಮುಂದೆ ಟೀ, ಬನ್ನು ಇಟ್ಟು, “ತಿನ್ನು ತಮ್ಮಾ,” ಎಂದು ಬೆನ್ನು ತಟ್ಟಿ ಹೋದ. ಆಪರೇಟರ್ ಮುಟ್ಟಲಿಲ್ಲ.

“ಹೀಟರ್ ಹಾಕ್ಕೋತೀರಾ?” ಎಂದಳು ಅವಳು.

“ಕಿಟಕಿ ತೆಗೆದೇ ಓಡಿಸೋದು ಮೇಡಂ. ಹಿಂದೆ ಯಾರಾದ್ರೂ ಕೂಗಿದ್ರೆ ಕೇಳಬೇಕಲ್ಲ. ಇವತ್ತು ಅವನು ಕೂಗಿದ್ದು ಕೇಳಿಸ್ತು.”

“ಬೆಳಿಗ್ಗೆ ಸ್ಟಾರ್ಟ್ ಮಾಡೋಕೆ ಕಷ್ಟ ಆಗ್ತಿತ್ತಾ?”

“ಇಲ್ಲ, ಅದೇ ಆಶ್ಚರ್ಯ. ಈ ಚಳೀಲೂ ಒಂದೇ ಸಲಕ್ಕೆ ಆಗೋದು. ಆದ್ರೆ ಎಳೆತ ಇರಲಿಲ್ಲ, ಹೊಗೆ ಬರ್ತಿತ್ತು. ಸೂಪರ್‌ವೈಸರಿಗೆ ಹೇಳಿದೆ. ಓಡಿಸು ಅಂದ್ರು. ಈಗ ಲೈಸೆನ್ಸ್ ಹೋಗುತ್ತೆ, ಜೈಲು ಅಂತಾರೆ. ನಾನು ಕುಡಿಯೋನಲ್ಲ ಮೇಡಂ.”

ಭಾವ ಆ ಹೊತ್ತಿಗೆ ಎರಡನೆಯ ಬನ್ನು ಮುಗಿಸಿದ್ದ. “ಹತ್ತಿ ಇದ್ದಂಗಿದೆ. ಹೋದ ಚಳೀಲಿ ಬಂದಾಗ ಇವೇ ಬನ್ನು ಗೋಡೆಗೆ ಹೊಡೆದ್ರೆ ಗೋಡೆ ಬಿರಿಯೋದು. ನಿಮ್ಮಕ್ಕನಿಗೆ ನಾಲ್ಕು ಕಟ್ಟಿಸ್ಲಾ?”

ಅವಳು ಅವನನ್ನೇ ದಿಟ್ಟಿಸಿದಳು. ಆಮೇಲೆ ಕಿಟಕಿಯಾಚೆ, ಕ್ಯಾಂಟೀನಿನ ಹಿಂದಿದ್ದ ಹಳದಿ ಜನರೇಟರನ್ನು. “ಕಟ್ಟಿಸಬೇಡಿ ಭಾವ. ಎಲ್ಲರನ್ನೂ ಇಲ್ಲಿಗೆ ಕರೀರಿ. ಯಂತ್ರ ಇಟ್ಕೊಂಡಿರೋರು ಕೀ ಸಮೇತ ಬರಲಿ.”

ರೋಲರಿನವನು, ಕ್ರೇನಿನವನು, ಜನರೇಟರಿನ ಕೀ ಹಿಡಿದ ಅಡುಗೆಯವನು ಬಂದರು. ಕೀಗಳು ಮೇಜಿನ ಮೇಲೆ ಬಿದ್ದವು. ಆಪರೇಟರನಿಂದ ಕಿತ್ತುಕೊಂಡಿದ್ದ ಕೀಯನ್ನೂ ಸೂಪರ್‌ವೈಸರ್ ಇಟ್ಟ. ಅವಳು ಎಲ್ಲವನ್ನೂ ಒಮ್ಮೆ ಕಲಸಿದಳು.

“ಇದರಲ್ಲಿ ಲೋಡರಿಂದು ಯಾವುದು, ಹೇಳಿ ಸಾರ್.”

ಸೂಪರ್‌ವೈಸರ್ ಒಂದನ್ನೆತ್ತಿದ, ಇಟ್ಟ, ಇನ್ನೊಂದನ್ನೆತ್ತಿದ. ಹಲ್ಲುಗಳೆಲ್ಲ ಒಂದೇ ಥರ.

“ಜನರೇಟರೂ ಸೇರಿ ಎಲ್ಲ ಒಂದೇ ಕಂಪನಿ ಯಂತ್ರಗಳು,” ಎಂದಳು ಅವಳು. “ಒಂದು ಕೀ ಎಲ್ಲಕ್ಕೂ ಆಗುತ್ತೆ. ಡ್ರೈವರುಗಳು ಅವಸರ ಬಿದ್ದಾಗ ಒಬ್ಬರ ಕೀ ಇನ್ನೊಬ್ಬರು ಇಸ್ಕೊಳ್ಳೋದೂ ಇದಕ್ಕೇ. ‘ಅವನೊಬ್ಬನ ಹತ್ರ’ ಅನ್ನೋ ಮಾತು ಅಲ್ಲಿಗೆ ಮುಗೀತು.”

ಹೊರಗೆ ಜೀಪು ನಿಂತ ಸದ್ದಾಯಿತು. ಅವಳು ದನಿ ಏರಿಸಲಿಲ್ಲ.

“ಎಣ್ಣೆ ಸುರಿದಿದ್ರೆ ಒಂದೇ ಪದರ ಇರ್ತಿತ್ತು, ಎಂಜಿನ್ ಆಯಿಲ್ ನಾತ ಬರ್ತಿತ್ತು. ಇದು ದಿನಾ ಒಂದೊಂದು ಪದರ ಕಟ್ಟಿರೋ ಮಸಿ. ದುಡಿಯೋ ಎಂಜಿನ್ ಬಿಸಿಯಾಗಿರುತ್ತೆ, ಮಸಿ ಒಣಗಿರುತ್ತೆ. ತಣ್ಣಗಿರೋ ಎಂಜಿನ್ನನ್ನ ಕೆಲಸ ಇಲ್ಲದೆ ಗಂಟೆಗಟ್ಟಲೆ ಗುರುಗುಟ್ಟೋಕೆ ಬಿಟ್ರೆ ಡೀಸೆಲ್ ಪೂರ್ತಿ ಉರಿಯಲ್ಲ, ಮಸಿ ಒದ್ದೆಯಾಗಿ ವಾಲ್ವಿಗೆ ಅಂಟುತ್ತೆ. ಲೋಡರ್ ಒಂದೇ ಸಲಕ್ಕೆ ಸ್ಟಾರ್ಟ್ ಆಗ್ತಿದ್ದದ್ದೂ ಇದಕ್ಕೇ. ಆಪರೇಟರ್ ಬರೋ ಮುಂಚೆಯೇ ಯಾರೋ ಓಡಿಸಿ ಬೆಚ್ಚಗೆ ಮಾಡಿರ್ತಿದ್ರು.”

“ಯಾತಕ್ಕೆ?” ಎಂದ ಕ್ರೇನಿನವನು.

“ಹೀಟರಿಗೆ. ಬಿಸಿಗಾಳಿ ಮನುಷ್ಯನಿಗಲ್ಲ, ನೆಲದ ಮೇಲಿಟ್ಟ ಒಂದು ದೊಡ್ಡ ಬೋಗುಣಿಗೆ ಬೀಳ್ತಿತ್ತು. ತಿರುಗಣೆ ಮೇಲಿದ್ದ ಬಿಳಿ ಕಲ್ಲುಪುಡಿ ಅಲ್ಲ. ಕಲ್ಲುಪುಡಿ ನೆನೆದ್ರೆ ಕೆಸರಾಗುತ್ತೆ. ಇದು ಎಳೆ ಬಂತು. ಮೈದಾ. ಆ ವಾಸನೆ ಕುಡಿತದ್ದೂ ಅಲ್ಲ, ಈಸ್ಟ್ ಹಾಕಿ ಉಬ್ಬೋಕೆ ಬಿಟ್ಟ ಹಿಟ್ಟಿಂದು. ಚಳೀಲಿ ಹಿಟ್ಟು ಉಬ್ಬಲ್ಲ. ಈ ಸಲ ಬನ್ನು ಹತ್ತಿ ಥರ ಆಗಿದೆ ಅಂತ ನಮ್ಮ ಭಾವನೇ ಸರ್ಟಿಫಿಕೇಟ್ ಕೊಟ್ರು.”

ಭಾವನ ಬಾಯಿಗೆ ಹೋಗುತ್ತಿದ್ದ ಮೂರನೆಯ ಬನ್ನು ಅಲ್ಲೇ ನಿಂತಿತು.

ಎಲ್ಲರೂ ಅಡುಗೆಯವನತ್ತ ತಿರುಗಿದರು. ಅವನು ಏಪ್ರನ್ನಿಗೆ ಕೈ ಒರೆಸುತ್ತಲೇ ಇದ್ದ. “ಬನ್ನು ಕಲ್ಲಿನಂಗಿದೆ, ಹೀಗೇ ಆದ್ರೆ ಕ್ಯಾಂಟೀನು ಬೇರೆಯವರಿಗೆ ಕೊಡ್ತೀನಿ ಅಂದ್ರು ಸೂಪರ್‌ವೈಸರ್ ಸಾಹೇಬ್ರು. ಸುಮ್ನೆ ನಿಂತಿದ್ದ ಮೆಷಿನ್. ಅದರಿಂದ ಹೀಗಾಗುತ್ತೆ ಅಂತ ನಂಗೇನು ಗೊತ್ತು?”

“ಗೊತ್ತಿರಲಿಲ್ಲ,” ಎಂದಳು ಅವಳು. “ಅದು ನಿಜ. ಆದ್ರೆ ಸಾರ್, ಹೊಗೆ ಬರ್ತಿದೆ, ಎಳೆತ ಇಲ್ಲ ಅಂತ ಆಪರೇಟರ್ ನಿಮಗೆ ಹೇಳಿದ್ರು. ಅದನ್ನೂ ರಿಪೋರ್ಟಲ್ಲಿ ಬರೀತೀನಿ.”

ಸೂಪರ್‌ವೈಸರ್ ಬಾಗಿಲ ಕಡೆ ನೋಡಿದ. ಇಬ್ಬರು ಪೊಲೀಸರು ಅಲ್ಲಿ ನಿಂತು ಕೇಳುತ್ತಿದ್ದರು.

ಅಡುಗೆಯವನು ಆಪರೇಟರನ ಮುಂದೆ ಬಂದ. “ನಿನ್ನ ತಲೆಗೆ ಕಟ್ತಾರೆ ಅಂತ ಗೊತ್ತಿರಲಿಲ್ಲ ತಮ್ಮಾ.”

“ನಾನು ಕುಡಿದಿದ್ದೆ ಅಂತ ಸೂಪರ್‌ವೈಸರ್ ಎಲ್ಲರ ಮುಂದೆ ಅಂದಾಗ ಇಲ್ಲೇ ಇದ್ದೆ ಅಲ್ವಾ ನೀನು?” ಎಂದ ಆಪರೇಟರ್. “ಅದು ಯಾವ ವಾಸನೆ ಅಂತ ನಿಂಗೆ ಗೊತ್ತಿತ್ತು.”

ಆಪರೇಟರ್ ಮುಂದಿದ್ದ ಬನ್ನನ್ನು ತಟ್ಟೆಯ ಸಮೇತ ಅವನ ಕಡೆಗೆ ತಳ್ಳಿದ. ಎದ್ದು ಮೇಜಿನ ಮೇಲಿನ ಕೀಗಳಲ್ಲಿ ಕೈಗೆ ಸಿಕ್ಕ ಒಂದನ್ನು ತೆಗೆದುಕೊಂಡು ಲೋಡರಿನ ಕಡೆ ಹೊರಟ. ಯಾವುದಾದರೂ ನಡೆಯುತ್ತಿತ್ತು.